ಗಾಳೆಮ್ಮ ಆರಿಸಿದ ನಿಂದ್ರೂ ಟೇಬಲ್

ಕೊಪ್ಪಳದ ಡಾಕ್ಟರು ಲಲಿತಾಳ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮೂಳೆಗೆ ಏನೂ ಆಗಿಲ್ಲ, ಕೂತು ಕೂತು ಬೆನ್ನು ಹಟ ಹಿಡಿದಿದೆ ಎಂದರು. ಅರ್ಧ ತಾಸು ಕೂತರೆ ಅರ್ಧ ತಾಸು ನಿಂತು ಕೆಲಸ ಮಾಡಬೇಕು, ಅದಕ್ಕೆಂದೇ ಎತ್ತರದ ಟೇಬಲ್ ಬರುತ್ತವೆ, ನೋಡಿ ಒಂದು ತಂದುಕೊಳ್ಳಿ ಎಂದು ಹೇಳಿ ಮುಂದಿನವರನ್ನು ಕರೆದರು.

ಲಲಿತಾ ಗಿಣಿಗೇರಾದ ತನ್ನ ಮನೆಯ ಪಡಸಾಲೆಯಲ್ಲೇ ಕೂತು ಒಂದು ಬೀಜದ ಕಂಪನಿಯ ಸಹಾಯವಾಣಿಗೆ ಕೆಲಸ ಮಾಡುತ್ತಿದ್ದಳು. ಕೃಷಿ ಡಿಪ್ಲೊಮಾ ಓದಿದವಳು. ಬೆಳಿಗ್ಗೆ ಒಂಬತ್ತಕ್ಕೆ ಕಿವಿಗೆ ಹೆಡ್‌ಫೋನ್ ಏರಿಸಿ ಲ್ಯಾಪ್‌ಟಾಪ್ ಮುಂದೆ ಕೂತರೆ ಸಂಜೆ ಐದರವರೆಗೂ ಫೋನು. ನೆಲ್ಲಿಗೆ ಬೆಂಕಿ ರೋಗ ಬಂದಿದೆ, ಮೆಣಸಿನ ಗಿಡದ ಎಲೆ ಮುದುಡಿದೆ, ಬೀಜ ಹಾಕಿ ಎಂಟು ದಿನವಾದರೂ ಮೊಳಕೆ ಇಲ್ಲ. ಎಲ್ಲರಿಗೂ ಸಮಾಧಾನ ಹೇಳಿ ಎದ್ದು ನಿಲ್ಲಬೇಕಾದರೆ ಅವಳಿಗೆ ಗೋಡೆ ಬೇಕಾಗುತ್ತಿತ್ತು.

ಮನೆಗೆ ಬಂದು ಸುದ್ದಿ ಹೇಳಿದಾಗ ಅತ್ತೆ ಗಾಳೆಮ್ಮ ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು.

"ನಿಂತು ಕೆಲಸಾ ಮಾಡೂ ಟೇಬಲ್ಲಾ? ಯವ್ವಾ ಲಲಿತಾ, ನನ್ನ ಸೊಸಿ ಕುಂತ ಜಾಗಾದಾಗ ಪಗಾರ ತಗೋತಾಳ ಅಂತ ನಾ ಊರ ತುಂಬ ಹೇಳ್ಕೊಂಡು ತಿರುಗೀನಿ. ಈಗ ನಿಂತಕೊಂಡು ಅಂದ್ರ ನನ್ನ ಮಾತಿನ ಗತಿ ಏನ?"

ಮೊದಲ ಪಾಳಿ ಮುಗಿಸಿ ಬಂದಿದ್ದ ಗಂಡ ಯಮನೂರ ಹೊಸ್ತಿಲ ಮೇಲೆ ಕೂತು ಬೂಟಿನ ಲಾಡಿ ಬಿಚ್ಚುತ್ತಿದ್ದ. ಅವನು ಕಬ್ಬಿಣದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಎಣ್ಣೆಯ ಒತ್ತಡದಿಂದ ಏರಿ ಇಳಿಯುವ ಯಂತ್ರಗಳ ರಿಪೇರಿ ಅವನ ಪಾಲಿನ ಕೆಲಸ.

"ಎಂಟು ತಾಸು ನಿಂತು ಬಂದೀನಿ," ಎಂದ. "ಕುಂದ್ರಾಕ ಒಂದು ಸ್ಟೂಲ್ ಸಿಕ್ಕರ ಸಾಕು ಅಂತ ನಾ ಅಂತೀನಿ, ನೀ ನಿಂದ್ರಾಕ ಟೇಬಲ್ ಬೇಕಂತಿ. ನಾಳಿಂದ ಅದಲ ಬದಲ ಮಾಡ್ಕೊಳ್ಳೂಣೇನು? ನೀ ನನ್ನ ಹೆಲ್ಮೆಟ್ ಹಾಕ್ಕೊ, ನಾ ಬೆಂಕಿ ರೋಗಕ್ಕ ಹೊಡಿಯೂ ಎಣ್ಣಿ ಹೇಳ್ತೀನಿ."

ಲಲಿತಾ ನಕ್ಕಳು. ನಕ್ಕಿದ್ದೇ ತಪ್ಪಾಗಿ ಬೆನ್ನು ಚಳಕ್ ಎಂದಿತು. ಸೊಂಟಕ್ಕೆ ಕೈ ಕೊಟ್ಟು, ಉಸಿರು ಬಿಗಿ ಹಿಡಿದು, ಗೋಡೆ ಹಿಡಿದು ನಿಂತಳು. ಗಾಳೆಮ್ಮ ಅದನ್ನು ನೋಡಿದಳು. ಗಂಗಾವತಿ ಸೀಮೆಯ ಕಾಲುವೆ ನೀರಿನ ಗದ್ದೆಗಳಲ್ಲಿ ನಲವತ್ತು ವರ್ಷ ಬಗ್ಗಿ ನೆಲ್ಲಿನ ಸಸಿ ಹಚ್ಚಿದವಳು ಅವಳು. ಅರವತ್ತೆರಡಕ್ಕೇ ನಡಿಗೆಯಲ್ಲಿ ಸಣ್ಣ ಬಾಗು ಬಂದಿತ್ತು. ಕೈ ಸೊಂಟದ ಯಾವ ಜಾಗಕ್ಕೆ ಹೋಗುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ, ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಆತು," ಎಂದಳು ಶೇಂಗಾದ ಮೊರ ಸರಿಸಿ. "ಟೇಬಲ್ ತರೂಣು. ಆದ್ರ ನಾ ನೋಡಿ, ನಾ ಮುಟ್ಟಿ, ನಾ ಹೂಂ ಅಂದಿಂದ ತರೂದು."

ಮರುದಿನದಿಂದಲೇ ಮನೆಯಲ್ಲಿ ಪರೀಕ್ಷೆ ಶುರುವಾಯಿತು. ಎಷ್ಟು ಎತ್ತರ ಬೇಕೆಂದು ಗೊತ್ತಾಗದೆ ಟೇಬಲ್ ಆರಿಸುವುದು ಹೇಗೆ? ಮೊದಲು ಲ್ಯಾಪ್‌ಟಾಪ್ ಫ್ರಿಜ್ಜಿನ ಮೇಲೆ ಏರಿತು. ಲಲಿತಾ ಎರಡೂ ಕೈ ಮೇಲಕ್ಕೆತ್ತಿ ಅಕ್ಷರ ಒತ್ತುವುದನ್ನು ನೋಡಿ ಗಾಳೆಮ್ಮ, "ಹುಲಿಗೆಮ್ಮಗ ಕಾಯಿ ಕೊಡಾಕ ನಿಂತಂಗ ಐತಿ, ಇಳಸು," ಎಂದಳು. ಆಮೇಲೆ ಟ್ರಂಕಿನ ಮೇಲೆ ಟ್ರಂಕು. ಅದು ಸರಿಯಾಗಿದೆ ಎನ್ನುವಷ್ಟರಲ್ಲಿ ಗಾಳೆಮ್ಮನಿಗೆ ಕೆಳಗಿನ ಟ್ರಂಕಿನಲ್ಲಿದ್ದ ಸೀರೆ ನೆನಪಾಗಿ ಎಲ್ಲ ಇಳಿಸಬೇಕಾಯಿತು. ಮೂರನೆಯ ದಿನ ಅಡುಗೆಮನೆಯ ಕಟ್ಟೆ. ಎತ್ತರ ಹೇಳಿ ಮಾಡಿಸಿದ ಹಾಗಿತ್ತು. ಕಾರಟಗಿಯ ರೈತನೊಬ್ಬ ಜಿಗಿಹುಳುವಿನ ಕಾಟ ವಿವರಿಸುತ್ತಿದ್ದಾಗ ಪಕ್ಕದ ಒಲೆಯ ಮೇಲೆ ಗಾಳೆಮ್ಮ ಬೇಳೆಗೆ ಒಗ್ಗರಣೆ ಕೊಟ್ಟಳು.

"ಮೇಡಮ್ಮರ," ಎಂದ ರೈತ ಮಾತು ನಿಲ್ಲಿಸಿ, "ನಿಮ್ಮ ಕಡೆ ಮಳಿ ಹಿಡೀತೇನ್ರಿ? ಭಾಳ ಜೋರ ಕೇಳಾಕತ್ತೈತಿ. ನಮ್ಮ ಕಡೆ ಮ್ವಾಡಾನೂ ಇಲ್ರಿ."

ಲಲಿತಾ ಉತ್ತರ ಕೊಡಲು ಬಾಯಿ ತೆರೆದಳು. ಮೆಣಸಿನಕಾಯಿಯ ಘಾಟು ಒಳಗೆ ಹೋಗಿ ಕೆಮ್ಮು ಬಂತು. ರೈತ ಗಾಬರಿಯಾಗಿ, ನೆನೆಯಬೇಡಿರಿ ಮೇಡಂ, ಒಳಗೆ ಹೋಗಿರಿ, ಹುಳ ನಾಳೆ ನೋಡೋಣ ಎಂದು ಫೋನ್ ಇಟ್ಟೇಬಿಟ್ಟ. ಅತ್ತೆ ಸೊಸೆ ಇಬ್ಬರೂ ಕಟ್ಟೆ ಹಿಡಿದು ನಕ್ಕರು. ಆಮೇಲೆ ಲಲಿತಾ ಅವನಿಗೆ ತಾನೇ ಫೋನ್ ಮಾಡಿ ಹುಳುವಿನ ಔಷಧಿ ಹೇಳಿದಳು. ಮಳೆಯ ವಿಷಯ ಹೇಳಲಿಲ್ಲ.

ಯಮನೂರ ಮೊಬೈಲಿನಲ್ಲಿ ಹುಡುಕಿದ. ಗುಂಡಿ ಒತ್ತಿದರೆ ತಾನೇ ಏರುವ, ಮೋಟಾರಿನ ಟೇಬಲ್‌ಗಳು ಸಾಲುಸಾಲಾಗಿ ಬಂದವು. ಕನ್ನಡಕ ಹಾಕಿಕೊಂಡು ಗಾಳೆಮ್ಮ ಒಂದೊಂದನ್ನೇ ನೋಡಿದಳು.

"ಕರೆಂಟ್ ಹೋದ್ರ?"

"ಎಲ್ಲಿರ್ತೈತೋ ಅಲ್ಲೇ ನಿಂದ್ರತೈತಿ ಬೇ."

"ಅಂದ್ರ ಮ್ಯಾಲಿದ್ದಾಗ ಹೋದ್ರ ಆಕಿ ಇಡೀ ದಿನಾ ನಿಂದ್ರಬೇಕು, ಕೆಳಗಿದ್ದಾಗ ಹೋದ್ರ ಇಡೀ ದಿನಾ ಕುಂದ್ರಬೇಕು. ಟೇಬಲ್ ಹೇಳಿದಂಗ ನಾವು ಕೇಳಬೇಕು." ಅವಳು ಮೊಬೈಲ್ ವಾಪಸು ಕೊಟ್ಟಳು. "ನೀ ಎಮ್ಮಿ ತರಾಕ ಹೋದ್ರ ಮೊಬೈಲಿನ್ಯಾಗ ಫೋಟೋ ನೋಡಿ ತರ್ತೀಯೇನು? ರವಿವಾರ ಕೊಪ್ಪಳಕ್ಕ ಹೋಗೂಣು."

ರವಿವಾರ ಯಮನೂರನಿಗೆ ಪಾಳಿ ಇತ್ತು. ಅತ್ತೆ ಸೊಸೆ ಇಬ್ಬರೇ ಬಸ್ಸು ಹತ್ತಿದರು. ಹೊರಡುವ ಮೊದಲು ಗಾಳೆಮ್ಮ ಲಲಿತಾಳನ್ನು ನೆಟ್ಟಗೆ ನಿಲ್ಲಿಸಿ, ನೆಲದಿಂದ ಅವಳ ಮೊಣಕೈವರೆಗೆ ಒಂದು ನೂಲು ಹಿಡಿದು ಗಂಟು ಹಾಕಿಕೊಂಡಿದ್ದಳು.

ಮೊದಲ ಫರ್ನಿಚರ್ ಅಂಗಡಿಯಲ್ಲಿ ಊಟದ ಟೇಬಲ್ ಇದ್ದವು, ಟೀಪಾಯಿ ಇದ್ದವು. ನಿಂತು ಕೆಲಸ ಮಾಡುವಂಥದ್ದು ಎಂದಾಗ ಅಂಗಡಿಯವನು ತುಸು ಯೋಚಿಸಿ, ಭಾಷಣ ಮಾಡುವ ಸ್ಟ್ಯಾಂಡ್ ತೋರಿಸಿದ. ಮೈಕಿಗೆ ತೂತು ಕೂಡ ಇತ್ತು. ಲಲಿತಾ ಅದರ ಹಿಂದೆ ನಿಂತ ಕೂಡಲೇ ಗಾಳೆಮ್ಮ, "ಮಾನ್ಯರೇ ಅನ್ನೂದೊಂದು ಬಾಕಿ," ಎಂದಳು. ಎರಡನೆಯ ಅಂಗಡಿಯವನು, ಎರಡು ಟೇಬಲ್ ತಗೊಂಡು ಒಂದರ ಮೇಲೊಂದು ಇಡಿ ಎಂದ. ಮೂರನೆಯವನು ಬಾಗಿಲು ಹಾಕಿದ್ದ.

ಅಲ್ಲಿಂದ ಗಾಳೆಮ್ಮನಿಗೆ ಏನೋ ಹುರುಪು ಹತ್ತಿತು. ಬಜಾರಿನಲ್ಲಿ ನಿಂತು ಕೆಲಸ ಮಾಡುವವರು ಎಷ್ಟೊಂದು ಜನ ಎಂದು ಅವಳಿಗೆ ಅವತ್ತೇ ಹೊಳೆದದ್ದು. ಔಷಧಿ ಅಂಗಡಿಯ ಕಟ್ಟೆಗೆ ನೂಲು ಹಿಡಿದಳು. ನಾಲ್ಕು ಬೆರಳು ಹೆಚ್ಚು. ಬಳೆ ಅಂಗಡಿಯದು ಕಡಿಮೆ. ಇಸ್ತ್ರಿ ಗಾಡಿಯದು ಹತ್ತಿರ ಬಂತು, ಆದರೆ ಇಸ್ತ್ರಿ ಮಾಡುತ್ತಿದ್ದಾಕೆ, "ಅಕ್ಕಾರ, ನೂಲು ಸುಟ್ಟೀತು," ಎಂದು ಕೂಗಿದಳು. ಗಡಿಯಾರ ಕಂಬದ ಕಡೆಗಿನ ಮಿಠಾಯಿ ಅಂಗಡಿಯ ಗಾಜಿನ ಕೌಂಟರಿಗೆ ಗಂಟು ಕೂದಲೆಳೆ ಆಚೀಚೆ ಆಗದೆ ಕೂತಿತು.

"ಲಲಿತಾ, ಮೊಣಕೈ ಇಡು! ಇಟ್ಟು ಟೈಪ್ ಮಾಡು!"

"ಅತ್ತಿ, ಮಂದಿ ನೋಡಾಕತ್ತಾರ್ರಿ."

"ನೋಡಲಿ. ಮಾಡು."

ಲಲಿತಾ ಜಿಲೇಬಿಯ ಮೇಲಿನ ಗಾಜಿನ ಮೇಲೆ ಹತ್ತೂ ಬೆರಳು ಕುಣಿಸಿದಳು. ಬೆನ್ನು ನೆಟ್ಟಗಿತ್ತು, ಭುಜ ಹಗುರಾಗಿತ್ತು. ಮುಖ ಅರಳಿದ್ದನ್ನು ಕಂಡ ಗಾಳೆಮ್ಮ, ಈ ಕೌಂಟರ್ ಕೊಡುತ್ತೀರೇನು ಎಂದು ಮಾಲಕನನ್ನು ಕೇಳಿಯೇ ಬಿಟ್ಟಳು. ಅವನು ಜಿಲೇಬಿ ಕೇಳುತ್ತಿದ್ದಾರೆ ಎಂದು ತಿಳಿದು ತೂಕದ ಬಟ್ಟಲು ಎತ್ತಿಕೊಂಡ. ಕಡೆಗೆ ಕಾಲು ಕೆಜಿ ಜಿಲೇಬಿ ಕಟ್ಟಿಸಿಕೊಂಡು, ಅಲ್ಲೇ ನಿಂತು ಅರ್ಧ ತಿಂದು, ಅಂಟು ಬೆರಳು ನೆಕ್ಕುತ್ತ ಇಬ್ಬರೂ ಹೊರಬಿದ್ದರು. ನಡುಬೀದಿಯಲ್ಲಿ ಅವರಿಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಒಬ್ಬರು ತಡೆದುಕೊಂಡರೆ ಇನ್ನೊಬ್ಬರಿಗೆ ಬರುತ್ತಿತ್ತು.

ಜಿಲೇಬಿ ಅಂಗಡಿಯವನೇ ಹೇಳಿದ ಗುರುತು ಹಿಡಿದು ಬಡಿಗ ಹುಸೇನಬಾಷಾನ ಕೆಲಸದ ಶೆಡ್ ಮುಟ್ಟಿದರು. ಐವತ್ತು ದಾಟಿದ ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್ಲು. ನೂಲನ್ನು ಟೇಪಿನಿಂದ ಅಳೆದು, ಲಲಿತಾಳ ಮಾತು ಪೂರ್ತಿ ಕೇಳಿ, ಒಂದೇ ತಕರಾರು ತೆಗೆದ.

"ನಿಂದ್ರಾಕ ಒಂದು ಎತ್ತರಾ, ಕುಂದ್ರಾಕ ಒಂದು ಎತ್ತರಾ ಅಂತೀರಿ. ಕಟಿಗಿ ಒಮ್ಮಿ ಕೊಯ್ದ ಮ್ಯಾಲ ಬೆಳಿಯಂಗಿಲ್ಲರಿ ತಂಗೆವ್ವ. ಎರಡು ಟೇಬಲ್ ಮಾಡಿಕೊಡ್ತೀನಿ."

"ಎರಡು ಟೇಬಲ್ ಇಟ್ರ ನಾವು ಎಲ್ಲಿ ಮಲಗೂಣ್ರಿ ಅಣ್ಣಾರ?" ಎಂದಳು ಲಲಿತಾ. ಅವರ ಪಡಸಾಲೆ ಅಷ್ಟೇ ಇತ್ತು.

ಹುಸೇನಬಾಷಾ ಗಡ್ಡ ಕೆರೆದುಕೊಂಡು ಯೋಚನೆಗೆ ಬಿದ್ದ. ಆಗ ಗಾಳೆಮ್ಮ ಲಲಿತಾಳ ತೋಳು ಹಿಡಿದು ಜಗ್ಗಿದಳು.

"ಲಲಿತಾ! ಅಲ್ಲಿ ನೋಡ! ಮನಷ್ಯಾ ಬೆಳಿಯಾಕತ್ತಾನ!"

ರಸ್ತೆಯ ಆಚೆ ಒಂದು ಕಟಿಂಗ್ ಅಂಗಡಿ. ಅದರ ಗಾಜಿನ ಬಾಗಿಲಿನ ಕೆಳಗಿನ ಅರ್ಧಕ್ಕೆ ಬಣ್ಣ ಬಳಿದಿತ್ತು. ಬಣ್ಣದ ಅಂಚಿನ ಮೇಲೆ ಮೊದಲು ಗಿರಾಕಿಯೊಬ್ಬನ ತಲೆ, ಆಮೇಲೆ ನೊರೆ ಹಚ್ಚಿದ ಕೆನ್ನೆ, ಆಮೇಲೆ ಬಿಳಿ ಬಟ್ಟೆ ಸುತ್ತಿದ ಭುಜ, ತುಸುತುಸುವೇ ಮೇಲೆ ಬರುತ್ತಿತ್ತು.

ಸೊಸೆ ಏನಾದರೂ ಹೇಳುವ ಮೊದಲೇ ಗಾಳೆಮ್ಮ ರಸ್ತೆ ದಾಟಿಯಾಗಿತ್ತು. ಒಳಗಿದ್ದ ನಾಲ್ಕು ಗಂಡಸರೂ ತಿರುಗಿ ನೋಡಿದರು. ಅಂಗಡಿಯ ಶಾಂತಕುಮಾರ ಕತ್ತಿ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ, "ಯವ್ವಾರ, ಇದು ಗಂಡಸರ ಅಂಗಡಿರಿ," ಎಂದ.

"ನಾ ಕೂದಲಾ ತಗಸಾಕ ಬಂದಿಲ್ಲೋ ಯಪ್ಪಾ. ಏರಾಕ ಬಂದೀನಿ."

ಖಾಲಿ ಇದ್ದ ಹಳೆಯ ಕುರ್ಚಿಯಲ್ಲಿ ಅವಳು ಸೆರಗು ಸುತ್ತಿಕೊಂಡು ಕೂತಳು. ಶಾಂತಕುಮಾರ ಬೇರೆ ದಾರಿ ಕಾಣದೆ ಕುರ್ಚಿಯ ಬುಡದ ಪೆಡಲ್ ತುಳಿದ. ಚುಸ್ ಎಂದು ಕುರ್ಚಿ ಎರಡು ಬೆರಳು ಏರಿತು. ಗಾಳೆಮ್ಮ ಎರಡೂ ಕೈಯಿಂದ ತೋಳು ಹಿಡಿದು, "ಯವ್ವಾ!" ಎಂದಳು. ಇನ್ನೊಂದು ತುಳಿತ. "ಯಪ್ಪಾ!" ಮತ್ತೊಂದು. ಕಾಲು ನೆಲ ಬಿಟ್ಟು ಗಾಳಿಯಲ್ಲಿ ತೂಗಿದವು. ಕನ್ನಡಿಯಲ್ಲಿ ತಾನು ಮೇಲೇರುವುದನ್ನು ಕಂಡು ಅವಳಿಗೆ ತಡೆಯಲಾರದ ನಗು ಬಂತು. ನಗುನಗುತ್ತಲೇ ಕಣ್ಣಲ್ಲಿ ನೀರು ಬಂತು.

"ಲಲಿತಾ, ಇಡೀ ಜನ್ಮಾ ಕೆಳಗ ಬಗ್ಗಿದ್ದ ಆತು. ಹಿಂಗ ಯಾರೂ ಮ್ಯಾಲ ಎತ್ತಿರಲಿಲ್ಲ ನೋಡು. ಏ ತಮ್ಮಾ, ಇನ್ನೊಂದೀಟು ತುಳಿ!"

"ಇಷ್ಟರಿ ಯವ್ವಾರ, ಒಂದು ಗೇಣಿನ ಮ್ಯಾಲ ಏರಂಗಿಲ್ಲ."

"ಹಂಗಾರ ಇಳಸು. ಇಳಿಸಿ ಮತ್ತ ಏರಸು."

ಮೂರು ಸಲ ಏರಿ ಇಳಿದ ಮೇಲೆ ಲಲಿತಾಳನ್ನು ಕೂರಿಸಿದಳು. ಅಷ್ಟು ಹೊತ್ತಿಗೆ ಹುಸೇನಬಾಷಾನೂ ಒಳಗೆ ಬಂದಿದ್ದ. ಅವನು ಮಂಡಿಯೂರಿ ಕುರ್ಚಿಯ ಹೊಟ್ಟೆಯ ಕೆಳಗೆ ಇಣುಕಿ, ಕಬ್ಬಿಣದ ಬುಡ ಬಡಿದು ನೋಡಿ, ಪೆನ್ಸಿಲ್ ಕಿವಿಯಿಂದ ತೆಗೆದ. ಅವನ ಕಣ್ಣು ಹೊಳೆಯುತ್ತಿತ್ತು.

"ಇದರ ಕುಂದ್ರೂ ಸೀಟು ತಗದು ನಾಕು ನಟ್ಟು ಬೋಲ್ಟಿನ ಮ್ಯಾಲ ಒಂದು ಚೌಕಟ್ಟು, ಅದರ ಮ್ಯಾಲ ಹಲಗಿ. ಒಂದು ಗೇಣು ಏರತೈತಿ, ಇಳಿತೈತಿ. ಇಳಿದಾಗ ಕುಂದ್ರಾಕ ಒಂದು ಎತ್ತರದ ಸ್ಟೂಲ್ ಮಾಡಿದ್ರ ಮುಗೀತು. ಕರೆಂಟೂ ಬ್ಯಾಡ."

"ನಾ ಅದನ್ನ ಹೇಳಾಕ ಬಂದಿದ್ದೆ," ಎಂದಳು ಗಾಳೆಮ್ಮ ಗತ್ತಿನಿಂದ.

ಶಾಂತಕುಮಾರ ಹೇಗೂ ಹೊಸ ಕುರ್ಚಿ ತರಿಸುವವನಿದ್ದ. ಬೆಲೆಯ ಮಾತನ್ನು ಹುಸೇನಬಾಷಾನೇ ಆಡಿ ಮುಗಿಸಿದ. ಅರ್ಧ ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಅಷ್ಟು ಹೊತ್ತು ಕಾದಿದ್ದ ಗಿರಾಕಿಗೆ ಲಲಿತಾ ಉಳಿದ ಜಿಲೇಬಿ ಕೊಟ್ಟಳು.

ಬುಧವಾರ ಸಾಮಾನಿನ ಆಟೋದಲ್ಲಿ ಟೇಬಲ್ ಗಿಣಿಗೇರಾಕ್ಕೆ ಬಂತು. ಬುಡ ಎಷ್ಟು ಭಾರವಿತ್ತೆಂದರೆ ಯಮನೂರ, ಹುಸೇನಬಾಷಾ, ಆಟೋದವನು ಮೂವರೂ ಸೇರಿ ಇಳಿಸಬೇಕಾಯಿತು. ಜೇನುಬಣ್ಣದ ಪಾಲಿಶ್ ಹೊಡೆದ ಹಲಗೆ, ಅಂಚು ಕೈಗೆ ಚುಚ್ಚದ ಹಾಗೆ ಗುಂಡಾಗಿ ತೀಡಿತ್ತು. ಲ್ಯಾಪ್‌ಟಾಪ್ ಇಡುವ ಮೊದಲು ಗಾಳೆಮ್ಮ ಅರಿಶಿಣ ಕುಂಕುಮ ಹಚ್ಚಿದಳು. ಆಮೇಲೆ ಯಾರಿಗೂ ಹೇಳದೆ ಕೇಳದೆ ಹೊಸ ಸ್ಟೂಲಿನ ಮೇಲೆ ಕಾಲಿಟ್ಟು ಹಲಗೆಯ ಮೇಲೆ ತಾನೇ ಏರಿ ಕೂತು, ಯಮನೂರನಿಗೆ ತುಳಿ ಎಂದಳು.

ಮೊದಲ ದಿನವೇ ಒಂದು ಸಂಗತಿ ತಿಳಿಯಿತು. ಕಟಿಂಗ್ ಕುರ್ಚಿ ಏರುವುದಷ್ಟೇ ಅಲ್ಲ, ತಿರುಗುತ್ತದೆ ಕೂಡ. ಲಲಿತಾ ಫೋನಿನಲ್ಲಿ ಮಾತಾಡುತ್ತ ಹಲಗೆಗೆ ಮೊಣಕೈ ಊರಿದಳು. ಲ್ಯಾಪ್‌ಟಾಪ್ ಮೆಲ್ಲಗೆ ಎಡಕ್ಕೆ ಹೊರಟಿತು. ಹೆಡ್‌ಫೋನಿನ ವೈರು ಕುತ್ತಿಗೆಯಲ್ಲಿತ್ತು, ಹಾಗಾಗಿ ಅವಳೂ ಅದರ ಹಿಂದೆ ಹೊರಟಳು. ಬೀಜೋಪಚಾರದ ಮೂರು ಹಂತ ಹೇಳಿ ಮುಗಿಸುವುದರೊಳಗೆ ಅವಳು ಟೇಬಲ್ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಮೊದಲಿನ ಜಾಗಕ್ಕೆ ಬಂದಿದ್ದಳು. ಸಂಜೆ ಯಮನೂರ ಒಂದು ತೂತು ಕೊರೆದು ಪಿನ್ನು ಹಾಕಿದ ಮೇಲೆ ಅದು ನಿಂತಿತು.

ಬೆನ್ನಿಗೆ ಮಾತ್ರ ಹದಿನೈದು ದಿನದಲ್ಲೇ ಗುಣ ಕಂಡಿತು. ಅರ್ಧ ತಾಸಿಗೊಮ್ಮೆ ಚುಸ್ ಚುಸ್ ಸದ್ದು. ಲಲಿತಾ ನಿಂತಳೆಂದರೆ ಒಳಗಿದ್ದ ಗಾಳೆಮ್ಮನಿಗೂ ಗೊತ್ತಾಗುತ್ತಿತ್ತು. ಓಣಿಯ ಹೆಂಗಸರು ಟೇಬಲ್ ನೋಡಲು ಬಂದರು. ಉಡಚಮ್ಮ ಎನ್ನುವ ಪಕ್ಕದ ಮನೆಯಾಕೆ ಏರಿ ಕೂತವಳು ಇಳಿಯಲು ಒಪ್ಪದೆ ಅಲ್ಲೇ ಚಹಾ ಕುಡಿದಳು.

ಆ ತಿಂಗಳ ಕೊನೆಗೆ ಕಂಪನಿಯ ವಿಡಿಯೋ ಮೀಟಿಂಗ್ ಇತ್ತು. ರಾಯಚೂರಿನ ಮೇಲಧಿಕಾರಿ ಪ್ರವೀಣಕುಮಾರ ಕಟ್ಟುನಿಟ್ಟಿನ ಮನುಷ್ಯ. ನಗುವುದು ಕೆಲಸದ ಭಾಗವಲ್ಲ ಎಂದು ತಿಳಿದವರು. ಬೇರೆ ಬೇರೆ ಊರುಗಳಲ್ಲಿ ಮನೆಯಿಂದಲೇ ಕೆಲಸ ಮಾಡುವ ಇಪ್ಪತ್ತು ಮಂದಿಯ ಮುಖ ಪರದೆಯ ಮೇಲೆ ಇದ್ದವು. ಲಲಿತಾ ಹೊಸ ಸೀರೆ ಉಟ್ಟು, ಟೇಬಲ್ ಪೂರ್ತಿ ಏರಿಸಿ, ನೆಟ್ಟಗೆ ನಿಂತು ತನ್ನ ಪಾಳಿ ಬಂದಾಗ ತಿಂಗಳ ವರದಿ ಓದತೊಡಗಿದಳು.

ಹತ್ತು ಸಾಲು ಆಗಿರಬೇಕು. ಪರದೆಯಲ್ಲಿ ತನ್ನ ಹಣೆ ಕತ್ತರಿಸಿದಂತೆ ಕಂಡಿತು. ತುಸು ಬಗ್ಗಿದಳು, ಸರಿಹೋಯಿತು. ಮತ್ತೆ ಹಣೆ ಹೋಯಿತು. ಮತ್ತೆ ಬಗ್ಗಿದಳು. ಟೇಬಲ್ ಇಳಿಯುತ್ತಿದೆ ಎಂದು ಅವಳಿಗೆ ಹೊಳೆದಾಗ ವರದಿಯ ಮುಖ್ಯ ಭಾಗ ಬಂದಿತ್ತು, ನಿಲ್ಲಿಸುವ ಹಾಗಿರಲಿಲ್ಲ. ಮೊಣಕಾಲು ಮಡಚಿ, ಸೊಂಟ ಬಗ್ಗಿಸಿ, ಮುಖವನ್ನು ಚೌಕಟ್ಟಿನ ನಡುವೆಯೇ ಇಟ್ಟುಕೊಂಡು ಓದುತ್ತ ಹೋದಳು. ನೋಡುವವರಿಗೆ ಅವಳ ಮುಖ ಅಲುಗಲಿಲ್ಲ. ಹಿಂದಿನ ಕ್ಯಾಲೆಂಡರ್ ಮೇಲೇರಿ ಮಾಯವಾಯಿತು. ಅದರ ಕೆಳಗಿನ ಕಿಟಕಿ ಮೇಲೇರಿತು.

"ಲಲಿತಾ ಅವರ," ಎಂದರು ಪ್ರವೀಣಕುಮಾರ ಕನ್ನಡಕ ಸರಿಮಾಡಿಕೊಂಡು, "ನಿಮ್ಮ ಹಿಂದಿನ ಗ್ವಾಡಿ ಯಾಕ ಮ್ಯಾಲ ಹೊಂಟೈತಿ?"

"ಇಲ್ಲ ಸರ್... ಶೇಕಡಾ ಎಂಬತ್ತು ಕರೆಗಳಿಗೆ..."

ಆಗ ಕಿಟಕಿಯ ಕೆಳಗೆ ಹಾಸಿಗೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದ ಗಾಳೆಮ್ಮ ಪರದೆಯೊಳಗೆ ಬಂದಳು. ತಲೆಯೆತ್ತಿ ನೋಡಿದರೆ ಸೊಸೆ ನಾಟಿಗದ್ದೆಯಲ್ಲಿ ನಿಂತವಳ ಹಾಗೆ ಬಗ್ಗಿದ್ದಾಳೆ. ಗಾಳೆಮ್ಮನ ತೊಡೆಯ ಮೇಲಿದ್ದ ಅವರೆಕಾಯಿ ನೆಲಕ್ಕೆ ಚೆಲ್ಲಿತು.

"ಏ ಲಲಿತಾ! ಬಗ್ಗಬ್ಯಾಡ! ಯಾಂವ ನಿನಗ ಬಗ್ಗಂದಾಂವ?"

ಓಡಿ ಬಂದು ಪೆಡಲ್ ತುಳಿದಳು. ಚುಸ್! ಇಪ್ಪತ್ತು ಮಂದಿಯ ಕಣ್ಣೆದುರು ಗೋಡೆ ಎರಡು ಬೆರಳು ಕೆಳಗೆ ಹಾರಿತು. ಚುಸ್! ಮತ್ತೆ ಎರಡು ಬೆರಳು. ಕ್ಯಾಲೆಂಡರ್ ಬಂತು. ಕಾಲು ತೆಗೆದರೆ ಟೇಬಲ್ ಮತ್ತೆ ಜಾರುತ್ತಿತ್ತು, ಆದ್ದರಿಂದ ಗಾಳೆಮ್ಮ ಕಾಲು ತೆಗೆಯಲೇ ಇಲ್ಲ. ಹೊಲಿಗೆ ಯಂತ್ರ ತುಳಿದ ಹಾಗೆ ತುಳಿಯುತ್ತಾ, ಏದುಸಿರಿನಲ್ಲೇ ಕ್ಯಾಮೆರಾಕ್ಕೆ ಮುಖ ತೋರಿಸಿ, "ನಮಸ್ಕಾರ್ರಿ ಸಾಹೇಬ್ರ. ನೀವು ಓದಿಸಕೋರಿ, ನಾ ಹಿಡದೀನಿ," ಎಂದಳು.

ಕುಷ್ಟಗಿಯ ಮುಮ್ತಾಜಬೇಗಂ ಎಲ್ಲರಿಗಿಂತ ಮೊದಲು ನಕ್ಕಳು. ಆಮೇಲೆ ಇಪ್ಪತ್ತು ಚೌಕಗಳಲ್ಲೂ ನಗು. ಯಲಬುರ್ಗಾದವನೊಬ್ಬ ಕುರ್ಚಿಯಿಂದ ಜಾರಿ ಚೌಕದಿಂದಲೇ ಕಾಣೆಯಾದ. ಲಲಿತಾ ನಾಚಿಕೆಯಿಂದ ಕೆಂಪಾಗಿ, ನಗು ತಡೆದುಕೊಂಡೇ ವರದಿಯ ಕೊನೆಯ ಸಾಲಿನವರೆಗೂ ಓದಿದಳು. ಪ್ರವೀಣಕುಮಾರ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಿದ್ದರು.

ಯಮನೂರ ಪಾಳಿಯಿಂದ ಬಂದವನೇ ಬೂಟು ಬಿಚ್ಚದೆ ಟೇಬಲ್ ಮುಂದೆ ನೆಲಕ್ಕೆ ಕೂತ. ಬುಡ ಬಿಚ್ಚಿ, ಬೆರಳಿಗೆ ಹತ್ತಿದ ಎಣ್ಣೆ ಒರೆಸಿಕೊಂಡು, "ರಬ್ಬರಿನ ಸೀಲು ಹರದೈತಿ ಬೇ. ಎಣ್ಣಿ ಸೋರಿ ಇಳಿದೈತಿ. ನಾ ದಿನಾ ಮಾಡೂ ಕೆಲಸಾನ ಇದು," ಎಂದ. ಮರುದಿನ ಹೊಸಪೇಟೆಯಿಂದ ಹೊಸ ಸೀಲು, ಒಂದು ಡಬ್ಬಿ ಎಣ್ಣೆ ತಂದು ಹಾಕಿದ. ಪರೀಕ್ಷೆಗೆಂದು ಉಡಚಮ್ಮನನ್ನು ಏರಿಸಿ ಕೂರಿಸಿದರು. ಅರ್ಧ ತಾಸು ಕೂತರೂ ಟೇಬಲ್ ಒಂದು ಕೂದಲೆಳೆ ಇಳಿಯಲಿಲ್ಲ.

ಎರಡು ದಿನ ಲಲಿತಾ ಪ್ರವೀಣಕುಮಾರರ ಫೋನಿಗೆ ಹೆದರುತ್ತಲೇ ಇದ್ದಳು. ಮೂರನೆಯ ದಿನ ಅದು ಬಂತು.

"ಲಲಿತಾ ಅವರ, ಆ ಟೇಬಲ್... ನಿಂತು ಕೆಲಸಾ ಮಾಡಿದ್ರ ಬೆನ್ನಿಗೆ ಖರೇನ ಆರಾಮ ಆಕ್ಕೈತೇನ್ರಿ?"

"ನನಗ ಭಾಳ ಆರಾಮ ಆಗೇತ್ರಿ ಸರ್."

ಆಚೆ ಬಾಗಿಲು ಹಾಕಿದ ಸದ್ದಾಯಿತು. "ನನಗೂ ಬೆನ್ನು ಹಿಡದು ಎರಡು ವರ್ಷಾತ್ರಿ," ಎಂದರು ಸಣ್ಣ ದನಿಯಲ್ಲಿ. "ಯಾರಿಗೂ ಹೇಳಿಲ್ಲ."

ಮುಂದಿನ ಮೀಟಿಂಗಿಗೆ ಪ್ರವೀಣಕುಮಾರ ಮೊದಲ ಹತ್ತು ನಿಮಿಷವನ್ನು ಟೇಬಲ್ಲಿಗೇ ಬಿಟ್ಟುಕೊಟ್ಟರು. ಲಲಿತಾ ಲ್ಯಾಪ್‌ಟಾಪ್ ತಿರುಗಿಸಿ ಬುಡ ತೋರಿಸಿದಳು, ಗಾಳೆಮ್ಮ ಇಸ್ತ್ರಿ ಸೀರೆ ಉಟ್ಟು ಪೆಡಲ್ ತುಳಿದು ತೋರಿಸಿದಳು. ಮುಮ್ತಾಜಬೇಗಂ ಹಲಗೆಯ ಅಳತೆ ಬರೆದುಕೊಂಡಳು. ಆಮೇಲೆ ಗಾಳೆಮ್ಮ ಪರದೆಗೆ ಮುಖ ಹತ್ತಿರ ತಂದು, "ಸಾಹೇಬ್ರ, ನೀವೂ ಒಂದೀಟು ಎದ್ದು ನಿಂದ್ರರಿ, ನೋಡೂಣು," ಎಂದಳು.

ಪ್ರವೀಣಕುಮಾರ ಹಿಂದೆಮುಂದೆ ನೋಡಿ, ಕುರ್ಚಿ ಸರಿಸಿ ಎದ್ದರು. ಅವರು ಆರಡಿ ಮೇಲಿದ್ದಾರೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ತಲೆ, ಕುತ್ತಿಗೆ, ಭುಜ ಎಲ್ಲ ಚೌಕದಿಂದ ಹೊರಗೆ ಹೋಗಿ, ಅಂಗಿಯ ಮೂರು ಗುಂಡಿ ಮಾತ್ರ ಉಳಿದವು.

"ಈಗ ಹೆಂಗೈತ್ರಿ ಯವ್ವಾರ?" ಎಂದು ಗುಂಡಿಗಳು ಕೇಳಿದವು.

"ಛಲೋ ಐತ್ರಿ ಸಾಹೇಬ್ರ," ಎಂದಳು ಗಾಳೆಮ್ಮ. "ಹಂಗ ನಿಂತು ಮೀಟಿಂಗ್ ಸುರು ಮಾಡ್ರಿ."

ಅವರು ಮಾಡಿದರು. ಒಬ್ಬೊಬ್ಬರಾಗಿ ಉಳಿದವರೂ ಎದ್ದು ನಿಂತರು. ಗಾಳೆಮ್ಮ ಎಲ್ಲರನ್ನೂ ಬೆರಳಿಟ್ಟು ಎಣಿಸಿ, ಯಾರೂ ಕೂತಿಲ್ಲವೆಂದು ಖಾತ್ರಿ ಮಾಡಿಕೊಂಡು, ಚಹಾ ಇಡಲು ಒಳಗೆ ಹೋದಳು.